ನಾಯಿಗೆ ಮೇಷ್ಟ್ರನ್ನು ಹುಡುಕುವವರಿಗೆ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಈಗ ಬೆಂಗಳೂರು, ಮೈಸೂರುಗಳಲ್ಲಿ ಮನೆ ಮಾಡಿ ನಾಯಿ ಸಾಕಿದ್ದಾರೆ. ಅವರಲ್ಲಿ ಕೆಲವರು ಹೆಮ್ಮೆಯಿಂದ ಹೇಳುವ ಮಾತೊಂದಿದೆ: “ನಾಯಿಯನ್ನು ಒಂದು ತಿಂಗಳು ಟ್ರೈನರ್ ಹತ್ತಿರ ಬಿಟ್ಟಿದ್ದೇವೆ ಸರ್, ವಾಪಸು ಬರುವಾಗ ಹೇಳಿದ ಹಾಗೆ ಕೇಳುತ್ತದಂತೆ.” ಇದನ್ನು ಕೇಳಿದಾಗಲೆಲ್ಲ ನನಗೆ ಕಳವಳವಾಗುತ್ತದೆ. ಮಗುವನ್ನು ಶಾಲೆಗೆ ಸೇರಿಸುವ ಮುನ್ನ ಹತ್ತು ಕಡೆ ವಿಚಾರಿಸುವ ನೀವು, ಬಾಯಿ ಬಾರದ ಜೀವವೊಂದನ್ನು ಗೋಡೆಯಾಚೆ ಏನು ನಡೆಯುತ್ತದೆಂದು ಕೇಳದೆಯೇ ಒಪ್ಪಿಸಿ ಬರುವುದು ಯಾವ ನ್ಯಾಯ?

ನನ್ನ ವಾದ ಇಷ್ಟೆ. ಮನೆಯವರ ಕಣ್ಣೆದುರಿನಲ್ಲಿ, ಪೆಟ್ಟು ಕೊಡದೆ, ಮನೆಯವರನ್ನೂ ಕೂರಿಸಿಕೊಂಡು ಪಾಠ ಹೇಳಲಾರದವನು ನಾಯಿಗೆ ಶಿಕ್ಷಕನಾಗಲು ಯೋಗ್ಯನಲ್ಲ.

ಬೆತ್ತ ಹಿಡಿದ ತರಬೇತುದಾರರಿಗೆ ಒಂದು ಸಿದ್ಧ ಉತ್ತರವಿದೆ. ನಾಯಿ ತೋಳದ ವಂಶದ್ದು, ತೋಳಗಳ ಗುಂಪಿನಲ್ಲಿ ಬಲಿಷ್ಠವಾದದ್ದೇ ಒಡೆಯ, ಆದ್ದರಿಂದ ಯಜಮಾನ ಯಾರೆಂದು ನಾಯಿಗೆ ತೋರಿಸಿಕೊಡಬೇಕು ಎಂಬುದು ಆ ಉತ್ತರ. ಈ ಕಲ್ಪನೆಯ ಮೂಲ 1947ರಲ್ಲಿ ರುಡಾಲ್ಫ್ ಶೆಂಕೆಲ್ ಪ್ರಕಟಿಸಿದ, ಬಂಧನದಲ್ಲಿದ್ದ ತೋಳಗಳ ಅಧ್ಯಯನ. 1970ರಲ್ಲಿ ಬಂದ ಡೇವಿಡ್ ಮೆಕ್ ಅವರ ಪುಸ್ತಕ ಅದನ್ನು ಜನಪ್ರಿಯಗೊಳಿಸಿತು. ಆದರೆ ಅದೇ ಮೆಕ್ ಉತ್ತರಧ್ರುವಕ್ಕೆ ಸಮೀಪದ ಎಲ್ಸ್‌ಮಿಯರ್ ದ್ವೀಪದಲ್ಲಿ ಕಾಡುತೋಳಗಳನ್ನು ವರ್ಷಗಟ್ಟಲೆ ಗಮನಿಸಿ, 1999ರಲ್ಲಿ ಬೇರೆಯೇ ಮಾತು ಬರೆದರು. ಕಾಡಿನ ತೋಳಗಳ ಗುಂಪೆಂದರೆ ಸಾಮಾನ್ಯವಾಗಿ ತಂದೆ, ತಾಯಿ ಮತ್ತು ಮಕ್ಕಳ ಒಂದು ಸಂಸಾರ. ಅಲ್ಲಿ ಹಿರಿಯರು ಮುಂದೆ ನಡೆಯುತ್ತಾರೆ, ಮರಿಗಳು ಹಿಂಬಾಲಿಸುತ್ತವೆ. ಬರೆದವರೇ ಕೈಬಿಟ್ಟ ಸಿದ್ಧಾಂತವನ್ನು ನಮ್ಮ ಬಡಾವಣೆಗಳ ತರಬೇತುದಾರರು ಇನ್ನೂ ಮಾರುತ್ತಿದ್ದಾರೆ!

ಬಿ.ಎಡ್. ಓದಿದವರಿಗೆಲ್ಲ ಪಾವ್ಲೋವ್, ಥಾರ್ನ್‌ಡೈಕ್ ಹೆಸರುಗಳು ಪರಿಚಿತ. ಪರಿಣಾಮ ನಿಯಮವನ್ನು ಕೊಟ್ಟ ಥಾರ್ನ್‌ಡೈಕ್ 1930ರ ದಶಕದ ಆರಂಭದಲ್ಲಿ ಅದನ್ನು ತಾವೇ ತಿದ್ದಿದರು. ಬಹುಮಾನವು ಕಲಿಕೆಯನ್ನು ಬಲಪಡಿಸುವಷ್ಟು ನೇರವಾಗಿ ಶಿಕ್ಷೆಯು ತಪ್ಪನ್ನು ಅಳಿಸುವುದಿಲ್ಲ ಎಂಬುದು ಆ ತಿದ್ದುಪಡಿಯ ಸಾರ. ಪಾವ್ಲೋವರ ಪಾಠ ಇನ್ನೂ ಗಂಭೀರವಾದುದು. ಒಟ್ಟಿಗೆ ಒದಗಿದ ಎರಡು ಸಂಗತಿಗಳನ್ನು ನಾಯಿಯ ಮನಸ್ಸು ಒಂದಕ್ಕೊಂದು ಗಂಟು ಹಾಕುತ್ತದೆ. ಬೀದಿಯಲ್ಲಿ ಪಕ್ಕದ ಮನೆಯ ಮಗುವನ್ನು ಕಂಡು ನಾಯಿ ಎಳೆದಾಡಿತೆನ್ನಿ. ಆ ಕ್ಷಣವೇ ತರಬೇತುದಾರ ಕೊರಳ ಸರಪಳಿಯನ್ನು ಜಗ್ಗಿ ಉಸಿರು ಕಟ್ಟಿಸಿದ. “ಎಳೆಯಬಾರದು” ಎಂದು ಕಲಿಸಿದೆನೆಂದು ಅವನ ಭಾವನೆ. “ಮಗು ಕಂಡರೆ ನೋವಾಗುತ್ತದೆ” ಎಂದು ನಾಯಿ ಕಲಿತಿರಲೂಬಹುದು.

ಗುರುಗುಟ್ಟಿದ್ದಕ್ಕೆ ಹೊಡೆಯುವುದಂತೂ ಶುದ್ಧ ಅವಿವೇಕ. ಗುರುಗುಟ್ಟುವುದು ನಾಯಿ ಕೊಡುವ ಎಚ್ಚರಿಕೆ. ಹೊಡೆದರೆ ಎಚ್ಚರಿಕೆ ನಿಲ್ಲುತ್ತದೆ, ಒಳಗಿನ ಭಯ ನಿಲ್ಲುವುದಿಲ್ಲ. ಮುಂದೊಂದು ದಿನ ಅದು ಸದ್ದಿಲ್ಲದೆ ಕಚ್ಚುತ್ತದೆ. ಕಚ್ಚಿಸಿಕೊಳ್ಳುವವರು ಬಹುಮಟ್ಟಿಗೆ ಮನೆಯ ಮಕ್ಕಳೇ, ತರಬೇತುದಾರನಲ್ಲ. ನಮ್ಮ ಬಂಧುಗಳೊಬ್ಬರ ಲ್ಯಾಬ್ರಡಾರ್ ಹೀಗೆಯೇ ಒಂದು ತಿಂಗಳ “ಕೋರ್ಸ್” ಮುಗಿಸಿ ಬಂದಿತು. ಕೂರು ಎಂದರೆ ಕೂರುತ್ತಿತ್ತು ನಿಜ. ಆದರೆ ಯಾರಾದರೂ ಕೈ ಎತ್ತಿದರೆ ಸೋಫಾದಡಿಗೆ ನುಸುಳುತ್ತಿತ್ತು. ಅದನ್ನು ಅವರು ಶಿಸ್ತು ಎಂದರು. ಮೂರು ದಶಕ ತರಗತಿಯಲ್ಲಿ ನಿಂತ ನನಗೆ ಭಯಕ್ಕೂ ಶಿಸ್ತಿಗೂ ಇರುವ ವ್ಯತ್ಯಾಸ ತಿಳಿಯದೆ?

ಹಾಗಾದರೆ ಎಂಥವನನ್ನು ಹುಡುಕಬೇಕು? ಮೊದಲ ಭೇಟಿಯಲ್ಲೇ ಎರಡು ಪ್ರಶ್ನೆ ಕೇಳಿ: ನಾಯಿ ಸರಿಯಾಗಿ ಮಾಡಿದರೆ ಏನು ಕೊಡುತ್ತೀರಿ? ತಪ್ಪಿದರೆ ಏನು ಮಾಡುತ್ತೀರಿ? ಎರಡನೆಯದಕ್ಕೆ ಉತ್ತರ ತೇಲಿಸಿದರೆ ಎದ್ದು ಬನ್ನಿ. ಪಾಠ ನಡೆಯುವಾಗ ನಿಮ್ಮನ್ನು ಹೊರಗೆ ಕಳುಹಿಸುವವನು ಬೇಡ. ತಿಂಗಳಲ್ಲಿ ಸರಿಮಾಡಿಕೊಡುವೆನೆಂದು ಗ್ಯಾರಂಟಿ ಕೊಡುವವನೂ ಬೇಡ, ಜೀವವಿರುವ ವಿದ್ಯಾರ್ಥಿಯ ಬಗ್ಗೆ ಯಾವ ಪ್ರಾಮಾಣಿಕ ಶಿಕ್ಷಕನೂ ಅಂಥ ಮಾತು ಕೊಡಲಾರ. ಶಾಂತವಾಗಿದ್ದ ನಾಯಿ ಇದ್ದಕ್ಕಿದ್ದಂತೆ ಸಿಡುಕತೊಡಗಿದರೆ, “ಮೊದಲು ಪಶುವೈದ್ಯರಿಗೆ ತೋರಿಸಿ, ಕಿವಿಯಲ್ಲೋ ಸೊಂಟದಲ್ಲೋ ನೋವಿರಬಹುದು” ಎನ್ನುವ ವಿವೇಕ ಅವನಿಗಿರಬೇಕು. ಮರಿಗೆ ಮೂರು ವಾರದಿಂದ ಸುಮಾರು ಹನ್ನೆರಡು, ಹದಿನಾಲ್ಕು ವಾರದವರೆಗಿನ ಕಾಲವೇ ಮನುಷ್ಯರನ್ನೂ ಲೋಕವನ್ನೂ ಅಂಜಿಕೆಯಿಲ್ಲದೆ ಪರಿಚಯಿಸಿಕೊಳ್ಳುವ ಕಾಲವೆಂದು ಅವನು ಬಲ್ಲವನಾಗಿರಬೇಕು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅವನು ನಾಯಿಗಿಂತ ಹೆಚ್ಚಾಗಿ ನಿಮ್ಮನ್ನು ತಿದ್ದಬೇಕು. ಅವನು ಒಂದು ಗಂಟೆ ಇದ್ದು ಹೋಗುತ್ತಾನೆ, ಉಳಿದ ಇಪ್ಪತ್ತಮೂರು ಗಂಟೆ ಅದರ ಮೇಷ್ಟ್ರು ನೀವೇ.

ಕಾನೂನು ನೋಡಿಕೊಳ್ಳುತ್ತದೆಂದು ನಂಬಬೇಡಿ. ನಾಯಿಮರಿಗಳನ್ನು ಹುಟ್ಟಿಸಿ ಮಾರುವವರಿಗೆ 2017ರ ನಿಯಮಗಳೂ, ಸಾಕುಪ್ರಾಣಿಗಳ ಅಂಗಡಿಗಳಿಗೆ 2018ರ ನಿಯಮಗಳೂ ನೋಂದಣಿ ವಿಧಿಸಿವೆ. ತರಬೇತುದಾರನೆಂದು ಬೋರ್ಡು ಹಾಕಲು ಅಂಥ ಯಾವ ಕಟ್ಟಳೆಯೂ ಇಲ್ಲ. ಪ್ರಾಣಿಹಿಂಸೆ ತಡೆಯುವ 1960ರ ಕಾಯಿದೆ ಮೊದಲ ಅಪರಾಧಕ್ಕೆ ಬರೆದ ದಂಡ 10ರಿಂದ 50 ರೂಪಾಯಿ! ವೇಲ್ಸ್ ದೇಶದಲ್ಲಿ ನಾಯಿಯ ಕೊರಳಿಗೆ ವಿದ್ಯುತ್ ಆಘಾತ ಕೊಡುವ ಪಟ್ಟಿಯನ್ನು 2010ರಲ್ಲೇ ನಿಷೇಧಿಸಿದರು. ನಮ್ಮಲ್ಲಿ ಆ ಕಾವಲು ಕೆಲಸ ಸಾಕಿದವರ ಪಾಲಿಗೇ ಬಂದಿದೆ.

2009ರ ಶಿಕ್ಷಣ ಹಕ್ಕು ಕಾಯಿದೆ ಶಾಲೆಗಳಲ್ಲಿ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನು ನಿಷೇಧಿಸಿದಾಗ, ಬೆತ್ತವಿಲ್ಲದೆ ಪಾಠ ಹೇಗೆ ಸಾಧ್ಯವೆಂದು ಗೊಣಗಿದವರಿದ್ದರು. ಪಾಠ ಬಲ್ಲವರು ಗೊಣಗಲಿಲ್ಲ. ನಾಯಿಗೆ ಮೇಷ್ಟ್ರನ್ನು ಗೊತ್ತುಮಾಡುವಾಗಲೂ ಇದೇ ಒರೆಗಲ್ಲು ಸಾಕು. ಬೆತ್ತವನ್ನು ಬದಿಗಿಡಿ ಎಂದು ಹೇಳಿ ನೋಡಿ. ಆಮೇಲೆ ಅವನ ಕೈಯಲ್ಲಿ ಏನು ಉಳಿಯುತ್ತದೋ ಅದಕ್ಕಷ್ಟೇ ಹಣ ಕೊಡಿ.