ಕ್ಯಾಶ್‌ಬ್ಯಾಕ್ ಯಾರ ಜೇಬಿನಿಂದ?

ಹಬ್ಬದ ಸೇಲ್ ಬಂತೆಂದರೆ ಕೂಪನ್, ಕಾರ್ಡ್ ಆಫರ್, ಕ್ಯಾಶ್‌ಬ್ಯಾಕ್ ಆ್ಯಪ್ ಮೂರನ್ನೂ ಒಂದೇ ಖರೀದಿಗೆ ಬಳಸುವ ಲೆಕ್ಕಾಚಾರ ಶುರು. ಮೂರೂ ಒಟ್ಟಿಗೆ ಸಿಗಲು ಕಾರಣ, ಹಣ ಬೇರೆ ಬೇರೆ ಜೇಬಿನಿಂದ ಬರುವುದು. ಕೂಪನ್ ಮಾರಾಟಗಾರರದ್ದು. ಕಾರ್ಡ್ ಕ್ಯಾಶ್‌ಬ್ಯಾಕ್ ಹೆಚ್ಚಾಗಿ ವ್ಯಾಪಾರಿ ಬ್ಯಾಂಕಿಗೆ ಕಟ್ಟುವ ಶುಲ್ಕದ ಪಾಲು. ಬ್ಯಾಂಕ್ ಖಾತೆಯಿಂದ ಮಾಡುವ ಯುಪಿಐ ಪಾವತಿಗೆ 2020ರ ಜನವರಿಯಿಂದ ಈ ಶುಲ್ಕವಿಲ್ಲ. ಅಲ್ಲಿ ಕಾರ್ಡಿನಷ್ಟು ಕ್ಯಾಶ್‌ಬ್ಯಾಕ್ ಸಿಗದಿರುವುದು ಅದಕ್ಕೇ. ಗ್ರಾಹಕರನ್ನು ಕಳುಹಿಸಿಕೊಟ್ಟಿದ್ದಕ್ಕೆ ಸಿಗುವ ಕಮಿಷನ್‌ನಲ್ಲಿ ಆ್ಯಪ್ ನಮಗೂ ಸ್ವಲ್ಪ ಕೊಡುತ್ತದೆ.

ಉದಾಹರಣೆಗೆ, 2,000 ರೂಪಾಯಿಯ ಶೂಗೆ 200 ರೂಪಾಯಿ ಕೂಪನ್ ಹಾಕಿದರೆ ಬೆಲೆ 1,800. ಕಾರ್ಡ್‌ನಿಂದ ಶೇ 5 ಅಂದರೆ 90, ಆ್ಯಪ್‌ನಿಂದ ಶೇ 4 ಅಂದರೆ 72. ಒಟ್ಟು ಉಳಿತಾಯ 362 ರೂಪಾಯಿ. ಆದರೆ ಆ್ಯಪ್‌ನ ಹಣ ಸಾಮಾನ್ಯವಾಗಿ ವಸ್ತು ವಾಪಸ್ ಮಾಡುವ ಅವಧಿ ಮುಗಿದ ಮೇಲಷ್ಟೇ ಬರುತ್ತದೆ. ಹೊರಗಿನ ಕೂಪನ್ ಬಳಸಿದರೆ ರದ್ದಾಗುವುದೂ ಉಂಟು.

ಕಾರ್ಡ್ ಬಿಲ್ ಬಾಕಿ ಉಳಿದರಂತೂ ಲೆಕ್ಕವೇ ತಲೆಕೆಳಗು. ತಿಂಗಳಿಗೆ ಶೇ 3.5 ಬಡ್ಡಿ ಎಂದುಕೊಂಡರೆ 63 ರೂಪಾಯಿ. ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ ಸೇರಿ 74. ಐದು ತಿಂಗಳಲ್ಲಿ ಇಡೀ ಉಳಿತಾಯ ಕರಗಿತು.

ನಮ್ಮಲ್ಲಿ ಹಲವರು ಬಳಸುವುದು ಅಪ್ಪನದೋ ಅಕ್ಕನದೋ ಕಾರ್ಡ್. ಆಫರ್ ನೋಡುವ ಮುಂಚೆ, ಬಿಲ್ ಕಟ್ಟುವ ದಿನ ದುಡ್ಡು ಇರುತ್ತದೆಯೇ ಎಂದು ಅವರನ್ನು ಕೇಳೋಣ.