ಮಲ್ಲೇಶ್ವರದ ಹಳೇ ಮನೆ: ಅಕ್ಕ-ತಂಗಿಯರ ಸಹಿ ಇದೆಯಾ?

1898ರ ಪ್ಲೇಗ್ ನಂತರ ಬೆಳೆದ ಬೆಂಗಳೂರಿನ ಮಲ್ಲೇಶ್ವರಕ್ಕೆ 2014ರಲ್ಲಿ ಮೆಟ್ರೊ ಬಂತು. ಅಲ್ಲೊಂದು ಹಳೇ ಮನೆ ಅಂದ್ರೆ ಯಾರಿಗೆ ಆಸೆ ಇಲ್ಲ ಹೇಳಿ! ಗೋಡೆಯ ಬಿರುಕನ್ನು ಮೇಸ್ತ್ರಿ ಮುಚ್ಚುತ್ತಾನೆ. ಮಾರುವವರ ಅಕ್ಕ-ತಂಗಿಯರ ಸಹಿ ಬಿಟ್ಟುಹೋಗಿದ್ದರೆ? 2005ರ ತಿದ್ದುಪಡಿಯಂತೆ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ತಂದೆ ಅದಕ್ಕೂ ಮೊದಲೇ ತೀರಿಕೊಂಡಿದ್ದರೂ ಹಕ್ಕು ಉಂಟೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಿಂದೆಯೇ ವಿಭಾಗಪತ್ರ ನೋಂದಣಿಯಾಗಿದ್ದರೆ ಮಾತು ಬೇರೆ. ಗೌರಿ ಹಬ್ಬಕ್ಕೆ ಬಾಗಿನ ಕೊಟ್ಟೆವಲ್ಲ, ಇನ್ನೆಂಥ ಪಾಲು ಅನ್ನೋ ಅಣ್ಣಂದಿರು ಈಗಲೂ ಇದ್ದಾರೆ! ಇ.ಸಿ. ಕ್ಲೀನ್ ಇದೆ ಅಂತ ಬ್ರೋಕರ್ ಹೇಳಿದರೆ ಸಾಲದು; ಅದರಲ್ಲಿ ಕಾಣೋದು ನೋಂದಣಿಯಾದ ವ್ಯವಹಾರ ಮಾತ್ರ, ಮನೆಯೊಳಗಿನ ತಕರಾರಲ್ಲ. ಅಡ್ವಾನ್ಸ್ ಕೊಡುವ ಮುನ್ನ ವಂಶವೃಕ್ಷ ಕೇಳಿ ಪಡೆದು ವಕೀಲರಿಗೆ ತೋರಿಸಿ. ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ಕ್ರಯಪತ್ರಕ್ಕೆ ಸಹಿ ಹಾಕಲಿ.