ಹಿರಿಯರ ಕೈಗೆ ಬಣ್ಣ

ವಿಜಯದಶಮಿಯು ಕಳೆದು ಆಶ್ವೀಜದ ಭೂಮಿ ಹುಣ್ಣಿವೆಯು ಬರುವವರೆಗಿನ ದಿನಗಳಲ್ಲಿ ಸಿದ್ದಾಪುರ, ಶಿರಸಿ ತಾಲೂಕುಗಳ ದೀವರ ಮನೆಗಳಲ್ಲಿ ಬುಟ್ಟಿಗಳಿಗೆ ಬಣ್ಣವೇರುವದು. ಬಿದಿರಿನ ಬುಟ್ಟಿಗೆ ಸಗಣಿಯನ್ನೂ ಅದರ ಮೇಲೆ ಕೆಮ್ಮಣ್ಣನ್ನೂ ಬಳಿದು ಒಣಗಿಸಿ, ನೆನೆಸಿ ಅರೆದ ಅಕ್ಕಿಯ ಬಿಳುಪಿನಲ್ಲಿ ಪುಂಡಿನಾರಿನ ಕುಂಚವನ್ನದ್ದಿ ಹೆಂಗಸರು ಗೆರೆಯೆಳೆಯುವರು. ಬತ್ತದ ಸಸಿ, ಏಣಿ, ಗಾಡಿ, ಮರ ಹೀಗೆ ತಮ್ಮ ಕಣ್ಣೆದುರಿನ ಬದುಕೆಲ್ಲವೂ ಆ ಬುಟ್ಟಿಯ ಸುತ್ತಲೂ ಮೂಡುವದು. ಹುಣ್ಣಿವೆಯ ದಿನ ಬಸುರಿಯಾದ ಭೂಮಿತಾಯಿಯ ಬಯಕೆಯ ಅಡಿಗೆಯು ಇದೇ ಭೂಮಣ್ಣಿ ಬುಟ್ಟಿಯಲ್ಲಿ ಗದ್ದೆಗೆ ಹೋಗುವದು. ಇಂಥ ನಾಡಿನಲ್ಲಿ, ದೊಡ್ಡವರು ಮಕ್ಕಳ ಬದಿಗೆ ಕುಳಿತು ಬಣ್ಣ ಹಚ್ಚುವದು ಒಂದು ಹೊಸ ಸುದ್ದಿಯಾಗುವ ಕಾಲವು ಬಂದಿರುವದು. ಆ ವಿಷಯವಾಗಿಯೇ ಇಂದು ನಾಲ್ಕು ಮಾತು ಬರೆಯಬೇಕೆಂದಿರುವೆವು.

ದೊಡ್ಡವರಿಗಾಗಿಯೇ ಅಚ್ಚಾದ ಬಣ್ಣ ತುಂಬುವ ಪುಸ್ತಕಗಳು ಜನಪ್ರಿಯವಾಗಿ ಬಹಳ ದಿನಗಳಾಗಲಿಲ್ಲ. ಸ್ಕಾಟ್ಲಂಡದ ಜೊಹಾನಾ ಬಾಸ್ಫರ್ಡ್ ಎಂಬ ಚಿತ್ರಕಾರ್ತಿಯು 2013ರಲ್ಲಿ ಹೊರತಂದ ಇಂಥದೊಂದು ಪುಸ್ತಕವು ಲಕ್ಷಗಟ್ಟಲೆ ಪ್ರತಿಗಳಾಗಿ ಜಗತ್ತಿನ ತುಂಬ ಮಾರಿಹೋಯಿತು. ಕಚೇರಿಯಿಂದ ಬಸವಳಿದು ಬಂದ ಗೃಹಸ್ಥರು ಬಣ್ಣದ ಪೆನ್ಸಿಲು ಹಿಡಿದು ಹೂಬಳ್ಳಿಗಳನ್ನು ತುಂಬುತ್ತ ಕುಳಿತರೆಂಬುದನ್ನು ಕೇಳಿ ನಗುವವರು ನಗಲಿ. ನಮಗೇನೋ ನಗೆ ಬರಲಿಲ್ಲ. 2005ರಲ್ಲಿ ಅಮೇರಿಕೆಯ ಇಬ್ಬರು ಸಂಶೋಧಕರು 84 ಜನ ವಿದ್ಯಾರ್ಥಿಗಳನ್ನು ಪರೀಕ್ಷಿಸಿ ನೋಡಿ, ಮಂಡಲದಂಥ ಕಟ್ಟುಳ್ಳ ಆಕೃತಿಗೆ ಬಣ್ಣ ತುಂಬಿದವರ ಕಳವಳವು ಬರಿಯ ಹಾಳೆಯ ಮೇಲೆ ಮನಸ್ಸಿಗೆ ಬಂದಂತೆ ಬಣ್ಣ ಹಚ್ಚಿದವರ ಕಳವಳಕ್ಕಿಂತ ಹೆಚ್ಚು ತಗ್ಗಿತೆಂದು ಪ್ರಕಟಿಸಿದರು. ದಣಿದ ಮನಸ್ಸಿಗೆ ಗೆರೆಯು ಆಸರೆ; ಮುಂದೇನು ಬರೆಯಲೆಂಬ ಚಿಂತೆಯನ್ನು ಅದು ತಾನೇ ಹೊತ್ತುಕೊಳ್ಳುವದು.

ಆದರೆ ಮಕ್ಕಳ ಮಾತು ಬೇರೆ. ಆಸ್ಟ್ರಿಯಾದಿಂದ ಅಮೇರಿಕೆಗೆ ಹೋಗಿ ನೆಲೆಸಿದ ಕಲಾಶಿಕ್ಷಕ ವಿಕ್ಟರ್ ಲೋವೆನ್‌ಫೆಲ್ಡ್ ಎಂಬವರು 1947ರ ತಮ್ಮ ಗ್ರಂಥದಲ್ಲಿ, ಅಚ್ಚಿನ ಗೆರೆಯೊಳಗೆ ಬಣ್ಣ ತುಂಬಿಸುವ ರೂಢಿಯು ಕೂಸಿನ ಸ್ವಂತ ಕಲ್ಪನೆಯನ್ನು ಕುಗ್ಗಿಸುವದೆಂದು ಬಲವಾಗಿ ವಾದಿಸಿದರು. ತನ್ನ ನಾಯಿಯನ್ನು ತನ್ನ ಕಣ್ಣಿಗೆ ಕಂಡಂತೆ ಬರೆಯಬಲ್ಲ ಹುಡುಗನು, ಅಚ್ಚಿನ ನಾಯಿಗೆ ನಾಲ್ಕು ದಿನ ಬಣ್ಣ ತುಂಬಿದ ಮೇಲೆ, ತನಗೆ ನಾಯಿಯನ್ನು ಬರೆಯಲು ಬರುವದಿಲ್ಲವೆಂದು ಹೇಳತೊಡಗುವನು. ಹಿರಿಯನಿಗೆ ಗೆರೆ ಬೇಕು, ಕಿರಿಯನಿಗೆ ಗೆರೆ ಬೇಡ. ಹೀಗಿರಲು ಇಬ್ಬರೂ ಒಂದೇ ಹಾಳೆಯ ಮುಂದೆ ಕೂಡುವ ಬಗೆ ಹೇಗೆ?

ನಾವೂ ಒಮ್ಮೆ ಕುಳಿತು ನೋಡಿದೆವು. ನಮ್ಮ ಮನೆಯ ಐದು ವರ್ಷದ ಕೂಸಿನ ಪುಸ್ತಕದಲ್ಲಿ ಎಡಪುಟವು ಅದರದಾಯಿತು, ಬಲಪುಟವು ನಮ್ಮದಾಯಿತು. ಅರ್ಧ ತಾಸು ಪತ್ರಿಕೆಯ ಚಿಂತೆಯೂ ಇಲ್ಲ, ಟೆಲಿಫೋನಿನ ನೆನಪೂ ಇಲ್ಲ. ಎಲೆಯೊಂದರ ಅಂಚಿನವರೆಗೆ ಹಸಿರು ಸರಿಯಾಗಿ ತಲುಪಿದಾಗ ಆದ ಸಮಾಧಾನವನ್ನು ವಾಚಕರಿಗೆ ವಿವರಿಸಲು ತುಸು ಸಂಕೋಚವೇ ಆಗುವದು. ಕೂಸು ಮಾತ್ರ ನಮ್ಮ ಪುಟವನ್ನು ಬಗ್ಗಿ ನೋಡಿ, “ಅಜ್ಜಾ, ಗೆರೆ ಬಂದಕೂಡಲೆ ನೀನು ಯಾಕೆ ನಿಲ್ಲುತ್ತೀ?” ಎಂದು ಕೇಳಿತು. ಅದರ ಪುಟದಲ್ಲಿ ಆಕಳ ಬಣ್ಣವು ಆಕಳನ್ನು ದಾಟಿ ಹುಲ್ಲಿಗೂ ಆಕಾಶಕ್ಕೂ ಹೋಗಿತ್ತು.

ಈ ತೊಡಕಿಗೆ ಉತ್ತರವು ಸ್ಕಾಟ್ಲಂಡದಲ್ಲಿ ಸಿಗದಿದ್ದರೂ ಸಿದ್ದಾಪುರದ ಹಳ್ಳಿಗಳಲ್ಲಿ ಇರುವದು. ಮದುವೆಯಲ್ಲಿ ವಧುವರರು ಕೂಡ್ರುವ ಗೋಡೆಯ ಮೇಲೆ ದೀವರ ಹೆಂಗಸರು ಬರೆಯುವ ಹಸೆ ಚಿತ್ತಾರವನ್ನು ನೋಡಿರಿ. ಅದರ ಕಟ್ಟು ಬಲು ಬಿಗಿಯಾದದ್ದು. ಉದ್ದಗೆರೆ ಅಡ್ಡಗೆರೆಗಳ ಅಂತರವು ಕೂದಲೆಳೆಯಷ್ಟೂ ತಪ್ಪಬಾರದೆಂಬ ಹಟದಿಂದ ಅದನ್ನು ಎಳೆಯುವರು. ಆದರೆ ಆ ಗೆರೆಯು ಅಂಗಡಿಯಿಂದ ಬಂದದ್ದಲ್ಲ. ಕೂಸಿನ ಕಣ್ಣೆದುರಿನಲ್ಲಿಯೇ ಅಜ್ಜಿಯ ಕೈಯಿಂದ ಇಳಿದು ಬಂದದ್ದು. ಗೆರೆಯು ಹುಟ್ಟುವದನ್ನು ಕಂಡ ಕೂಸು ಗೆರೆಗೆ ಅಂಜುವದಿಲ್ಲ. ನಾಳೆ ತಾನೂ ಒಂದನ್ನು ಎಳೆಯಬಹುದೆಂದು ತಿಳಿಯುವದು. ಹಿರಿಯಳು ಕಟ್ಟಿನೊಳಗೆ ಮೈಮರೆಯುವಳು, ಕಿರಿಯದು ಪಕ್ಕದ ಬುಟ್ಟಿಯ ಮೇಲೆ ಮನ ಬಂದಂತೆ ಚುಕ್ಕೆಯಿಡುವದು. ಎರಡಕ್ಕೂ ಬಣ್ಣದ ಬಟ್ಟಲು ಒಂದೇ.

ಆ ಬಟ್ಟಲಿನ ಬಣ್ಣಗಳಾದರೂ ಎಷ್ಟು? ಕೆಂಪಿಗೆ ಕೆಮ್ಮಣ್ಣು, ಬಿಳುಪಿಗೆ ಅಕ್ಕಿ, ಕಪ್ಪಿಗೆ ಸುಟ್ಟು ಕರಿದಾದ ಅಕ್ಕಿ, ಹಳದಿಗೆ ಗುರಿಗೆಯ ಬೀಜ, ನಾಲ್ಕಕ್ಕೆ ತೀರಿತು. ಶಿರಸಿಯ ಮಾರಿಕಾಂಬೆಯ ಗುಡಿಯ ಗೋಡೆಗಳ ಕಾವಿ ಚಿತ್ರಗಳಿಗಂತೂ ಸುಣ್ಣದ ಬಿಳುಪು, ಕಾವಿಯ ಕೆಂಪು, ಈ ಎರಡೇ ಸಾಕಾದವು. 1903ರಲ್ಲಿ ಅಮೇರಿಕೆಯಲ್ಲಿ ಮಾರಾಟಕ್ಕೆ ಬಂದ ಮೇಣದ ಬಣ್ಣದ ಕಡ್ಡಿಗಳ ಒಂದು ಹೆಸರಾದ ಪೆಟ್ಟಿಗೆಯಲ್ಲಿಯೂ ಬಣ್ಣಗಳಿದ್ದದ್ದು 8 ಮಾತ್ರ. ನೂರು ಬಣ್ಣಗಳ ಪೆಟ್ಟಿಗೆಯಿಲ್ಲದೆ ಮಗುವಿನ ಕಲೆಯು ಬೆಳೆಯದೆಂದು ಸಾಲ ಮಾಡುವ ತಂದೆತಾಯಿಗಳು ಇದನ್ನು ಲಕ್ಷ್ಯದಲ್ಲಿಡುವದು ಒಳ್ಳೆಯದು. ದೀಪಾವಳಿಯ ಪಾಡ್ಯದ ಬೆಳಗ್ಗೆ ಮಲೆನಾಡಿನ ಕೊಟ್ಟಿಗೆಗಳಲ್ಲಿ ಆಕಳು ಕರುಗಳ ಮೈಮೇಲೆ ಕೆಮ್ಮಣ್ಣು ಶೇಡಿಗಳ ದುಂಡು ಮುದ್ರೆಗಳನ್ನು ಒತ್ತುವಾಗ ಅಪ್ಪನಿಗೂ ಮಗನಿಗೂ ಆಗುವ ಸಂಭ್ರಮವನ್ನು ಯಾವ ಪೆಟ್ಟಿಗೆಯು ಕೊಟ್ಟೀತು? ಆಕಳು ಸುಮ್ಮನೆ ನಿಲ್ಲುವದಿಲ್ಲವೆಂಬುದೇ ಅಲ್ಲಿಯ ಅರ್ಧ ಸುಖ.

ಯಲ್ಲಾಪುರದ ಕಡೆಗೆ ಹೋದರೆ ಬಣ್ಣವು ಬಟ್ಟಲನ್ನೂ ಬಿಟ್ಟು ಬಟ್ಟೆಯಲ್ಲಿ ಕೂಡ್ರುವದು. ಅಲ್ಲಿಯ ಸಿದ್ದಿ ಹೆಂಗಸರು ಹಳೆಯ ಸೀರೆ ಅಂಗಿಗಳ ತುಂಡುಗಳನ್ನು ಕೂಡಿಸಿ ಅಂಚಿನಿಂದ ನಡುವಿನವರೆಗೆ ಕವದಿ ಹೊಲಿಯುವರು. ನಾಲ್ಕು ಮೂಲೆಗಳಿಗೆ ಮಡಿಚಿ ಹಚ್ಚುವ ಬಣ್ಣದ ತುಂಡುಗಳಿಗೆ ಫೂಲಾ ಎಂಬ ಹೆಸರು. ಅದಿಲ್ಲದ ಕವದಿಯು ಅವರ ಕಣ್ಣಿಗೆ ಬತ್ತಲೆಯಾದದ್ದು. ಕೂಸುಗಳಿಗಾಗಿ ಸಣ್ಣ ಕವದಿಗಳೂ ಉಂಟು. ಕೆಂಪಿನ ಬದಿಗೆ ಯಾವದನ್ನು ಇಡಬೇಕೆಂದು ಅಲ್ಲಿ ಯಾವ ಪುಸ್ತಕವೂ ಹೇಳುವದಿಲ್ಲ.

ಇದೆಲ್ಲ ಉಳಿದಿರುವದೆಂದು ನೆಮ್ಮದಿಯಿಂದಿರುವ ಕಾಲವಲ್ಲ. ಮಣ್ಣಿನ ಗೋಡೆಗಳಿದ್ದಲ್ಲಿ ಸಿಮೆಂಟು ಬಂದಿದೆ. ಅದರ ಮೇಲಿನ ಅಂಗಡಿಯ ಬಣ್ಣಕ್ಕೆ ಕೆಮ್ಮಣ್ಣು ಅಂಟುವದಿಲ್ಲ. ಒಂದು ತಲೆಮಾರಿನ ಹಿಂದೆ ಅಜ್ಜಿಯು ಗೋಡೆಯ ಮೇಲೆ ಬರೆದರೆ ಅದು ಮಂಗಲಕಾರ್ಯವೆನಿಸಿದ್ದಿತು. ಇಂದು ಮೊಮ್ಮಗನು ಬರೆದರೆ ಪೆಟ್ಟು ಬೀಳುವದು. ಅತ್ತು ಕುಳಿತ ಆ ಹುಡುಗನನ್ನು ಸುಮ್ಮನಾಗಿಸಲು ಮೊಬೈಲು ಫೋನು ಅವನ ಕೈಗೆ ಬರುವದು. ಇದಕ್ಕೆ ಕಾಲದ ಮಹಿಮೆಯೆಂಬ ಒಂದೇ ಉತ್ತರ ಕೊಡುವವರ ಮಾತನ್ನು ನಾವು ಒಪ್ಪಲಾರೆವು. ಸಿಮೆಂಟಿನ ಗೋಡೆ ಬೇಡವೆಂದು ಯಾರಿಗೂ ಹೇಳಲು ನಮಗೆ ಅಧಿಕಾರವಿಲ್ಲ. ಆದರೆ ಆ ಗೋಡೆಯ ಕೆಳಭಾಗದ ಎರಡು ಮೊಳವನ್ನು ಮಗುವಿಗೆ ಬಿಟ್ಟುಕೊಡಲು ಯಾವ ಕಾಲಮಹಿಮೆಯೂ ಅಡ್ಡ ಬರುವದಿಲ್ಲ.

ಅಂಗನವಾಡಿಗಳ ಯೋಜನೆಯು 1975ರಲ್ಲಿ ಆರಂಭವಾದದ್ದು. ಎಂಟು ವರ್ಷದೊಳಗಿನ ಮಕ್ಕಳ ಶಿಕ್ಷಣಕ್ಕಾಗಿ 2022ರಲ್ಲಿ ಹೊರಟ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಆಟಕ್ಕೂ ಚಿತ್ರಕ್ಕೂ ಮನೆಯ ಭಾಷೆಗೂ ಇಂಬು ಕೊಟ್ಟಿದೆ. ಕಾಗದದ ಮೇಲಿನ ಇಂಬು ಶಾಲೆಯ ಜಗಲಿಗೆ ಇಳಿಯಬೇಕಾದರೆ, ಚಿತ್ತಾರವನ್ನೂ ಕವದಿಯನ್ನೂ ಬಲ್ಲ ಮುದುಕಿಯರನ್ನು ವಾರಕ್ಕೊಂದು ದಿನ ಅಲ್ಲಿಗೆ ಕರೆಯಿಸಬೇಕು. ಕರೆದವರಿಗೆ ತೆಂಗಿನಕಾಯಿ, ಶಾಲು ಕೊಟ್ಟು ಕಳಿಸುವ ನಮ್ಮ ಹಳೆಯ ಚಾಳಿಯು ಇಲ್ಲಿ ಸಾಲದು. ಮಾಸ್ತರರಿಗೆ ಪಗಾರವಿರುವಂತೆ ಈ ಅಜ್ಜಿಯರಿಗೂ ದಿನಗೂಲಿಯು ರೊಕ್ಕದಲ್ಲಿಯೇ ಮುಟ್ಟಬೇಕು. ಈ ಕಲೆಯು ದೀವರದು, ಇದು ಸಿದ್ದಿಗಳದು ಎಂಬುದನ್ನು ಮಕ್ಕಳಿಗೆ ಹೆಸರೆತ್ತಿಯೇ ತಿಳಿಸಬೇಕು. ಅಂದು ತಂದೆತಾಯಿಗಳಿಗೂ ನೆಲದ ಮೇಲೆ ಜಾಗವಿರಲಿ. ಸ್ಪರ್ಧೆ, ಬಹುಮಾನ, ತೀರ್ಪುಗಾರರ ಭಾಷಣಗಳು ಮಾತ್ರ ಬೇಡ. ಪ್ರಥಮ ಬಂದ ಒಂದು ಮಗುವಿಗಾಗಿ ಉಳಿದ ಇಪ್ಪತ್ತೊಂಬತ್ತು ಮಕ್ಕಳು ತಮಗೆ ಬಣ್ಣ ಹಚ್ಚಲು ಬರುವದಿಲ್ಲವೆಂದು ಕಲಿತು ಮನೆಗೆ ಹೋಗುವ ಈ ಪದ್ಧತಿಯೇ ದೊಡ್ಡವರಾದ ನಮ್ಮಲ್ಲಿ ಬಹುಜನರ ಕೈಯಿಂದ ಕುಂಚವನ್ನು ಕಸಿದದ್ದು.

ಶಿರಸಿ ಶೈಕ್ಷಣಿಕ ಜಿಲ್ಲೆಯ ಅಧಿಕಾರಿಗಳೂ ಜಿಲ್ಲಾ ಪಂಚಾಯತಿಯವರೂ ಇದನ್ನು ಮೂರು ತಾಲೂಕುಗಳ ಕೆಲವು ಶಾಲೆಗಳಲ್ಲಿಯಾದರೂ ಮಾಡಿ ನೋಡಲಿ. ಕೆಮ್ಮಣ್ಣಿಗೆ ಟೆಂಡರು ಕರೆಯಬೇಕಾಗಿಲ್ಲ; ಬುಟ್ಟಿ ಹೆಣೆಯುವವರು ಊರಲ್ಲಿಯೇ ಇರುವರು. ಬರುವ ಭೂಮಿ ಹುಣ್ಣಿವೆಗೆ ಪ್ರತಿಯೊಂದು ಶಾಲೆಯಿಂದ ಒಂದೊಂದು ಬುಟ್ಟಿಯು ಗದ್ದೆಗೆ ಹೋಗಲಿ. ಅದರ ಮೇಲೆ ಅಜ್ಜಿಯ ನೇರವಾದ ಗೆರೆಯ ಬದಿಗೇ ಮಕ್ಕಳ ಸೊಟ್ಟ ಚುಕ್ಕೆಗಳೂ ಇರಲಿ. ಅವನ್ನು ಒರೆಸಿ ತಿದ್ದಲು ಯಾವ ಮಾಸ್ತರರೂ ಮುಂದಾಗದಿರಲಿ.